ಅಡಿಗೆಕೋಣೆಯಿಲ್ಲದ ಮನೆ

ಮೊನ್ನೆ ಪುತ್ತೂರು ಪೇಟೆಯಲ್ಲಿ ಬಸ್ಸು ತಪ್ಪಿ, ಮಳೆಗೆ ಒಂದು ಜೀನಸಿನ ಅಂಗಡಿಯ ಮಾಡಿನಡಿ ನಿಂತಿದ್ದೆ. ಒಳಗೆ ಯಾರೋ ಒಳ್ಳೆಮೆಣಸಿನ, ಅಂದರೆ ಕರಿಮೆಣಸಿನ, ಗೋಣಿ ಬಿಚ್ಚಿದರು. ನನಗೊಂದು ಸೀನು ಬಂತು, ಅದರ ಬೆನ್ನಿಗೇ ಇನ್ನೊಂದು, ಮತ್ತೆ ಇನ್ನೊಂದು. ಅಂಗಡಿಯವರು ಪರಿಚಯದವರು. "ಎಂತ ಟೀಚರೇ, ಶೀತವಾ?" ಎಂದರು. "ಶೀತ ಅಲ್ಲ ಮಾರಾಯ್ರೆ, ಮುಳಿಯಡ್ಕ" ಎಂದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ನನಗೆ ಮಾತ್ರ ಹತ್ತು ವರ್ಷ ಹಿಂದಿನ ಒಂದು ಮಳೆಗಾಲ ಬಂದು ಎದುರು ಕೂತ ಹಾಗಾಯಿತು. ಮುಂದಿನ ಬಸ್ಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮುಳಿಯಡ್ಕ ದೊಡ್ಡ ಊರಲ್ಲ. ಬೆಳ್ಳಾರೆಯಲ್ಲಿ ಬಸ್ಸಿಳಿದು, ತೋಡು ಎನ್ನುವ ಒಂದು ಸಣ್ಣ ಹಳ್ಳ ದಾಟಿ, ಒಂದು ಗುಡ್ಡ ಹತ್ತಿ ಇಳಿದರೆ ಸಿಗುತ್ತದೆ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಜೂನಿನ ಮೊದಲ ಮಳೆಯೊಟ್ಟಿಗೆ ನನಗೆ ಅಲ್ಲಿಯ ಶಾಲೆಗೆ ಆರ್ಡರಾಯಿತು. ನಾನು ನರಿಮೊಗರಿನ ಹುಡುಗಿ, ಮದುವೆಯಾಗಿರಲಿಲ್ಲ, ಬಾಯಿ ಸ್ವಲ್ಪ ಜೋರು. ಅಮ್ಮ ಅತ್ತರು, ಅಪ್ಪ ಹೊಸ ಕೊಡೆ ಕೊಟ್ಟರು. ಅಲ್ಲಿಯ ಸುಬ್ಬಪ್ಪ ಗೌಡರ ಮನೆಯ ಜಗಲಿ ಕೋಣೆಯಲ್ಲಿ ನನಗೆ ಉಳಿಯುವ ವ್ಯವಸ್ಥೆ. ಊರಿಗೆಲ್ಲ ಅವರು ಸುಬ್ಬಪ್ಪಣ್ಣ, ಅವರ ಹೆಂಡತಿ ದೇವಕಿಯಕ್ಕ. ಗಂಡ ಹೆಂಡತಿ ತಮ್ಮೊಳಗೆ ಅರೆಭಾಷೆ ಮಾತಾಡುತ್ತಿದ್ದರು, ಕೆಲಸದವರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಹೋದ ದಿನವೇ ದೇವಕಿಯಕ್ಕ ನನ್ನ ಒದ್ದೆ ಸೀರೆ ನೋಡಿ, "ಒಲೆಯ ಹತ್ತಿರ ಬನ್ನಿ. ಟೀಚರಂದಿರಿಗೆ ಚಳಿ ಆಗುದಿಲ್ವಾ?" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಆಮೇಲೆ ನಾನು ಆ ಮನೆಯಲ್ಲಿ ಹೊರಗಿನವಳಾಗಿ ಇದ್ದದ್ದೇ ಇಲ್ಲ.

ಆ ಊರಿನಲ್ಲಿ ನನಗೆ ಹುಚ್ಚು ಹಿಡಿಸಿದ್ದು ಶಾಲೆಯಲ್ಲ, ಶಾಲೆಯ ಆಚೆಗಿದ್ದ ಕಲಾಮಂದಿರ. ಹೆಸರು ದೊಡ್ಡದು, ಕಟ್ಟಡ ನೋಡಿದರೆ ಒಂದು ಹಳೆಯ ಮೆಣಸಿನ ಕೊಟ್ಟಗೆ. ಒಳ್ಳೆಮೆಣಸು ಕೊಂಡು ಮಂಗಳೂರಿಗೆ ಕಳಿಸುತ್ತಿದ್ದ ವ್ಯಾಪಾರಿಯೊಬ್ಬರು ಊರು ಬಿಡುವಾಗ ಅದನ್ನು ಊರಿಗೇ ಬಿಟ್ಟುಕೊಟ್ಟಿದ್ದರಂತೆ. ಸುಬ್ಬಪ್ಪಣ್ಣ ಮುಂದೆ ನಿಂತು ಜನ ಸೇರಿಸಿ, ಹಂಚು ಸರಿಮಾಡಿಸಿ, ನೆಲ ಸಾರಿಸಿ, ಬಾಗಿಲ ಮೇಲೆ ಹಲಗೆಯಲ್ಲಿ ಹೆಸರು ಬರೆಸಿದರು. ಅಧ್ಯಕ್ಷರೂ ಅವರೇ. ಒಳಗೆ ಉದ್ದುದ್ದ ಚಾಪೆಗಳು, ಒಂದು ಮದ್ದಳೆ, ಒಂದು ಸ್ವರ ಮೂಕಾದ ಹಾರ್ಮೋನಿಯಂ, ಮೂಲೆಯಲ್ಲಿ ಗ್ಯಾಸ್‌ಲೈಟು. ಆದಿತ್ಯವಾರ ಬೆಳಿಗ್ಗೆ ಮಕ್ಕಳು ಮಸಿ, ಅರಸಿನ, ಕೆಮ್ಮಣ್ಣಿನಲ್ಲಿ ಚಿತ್ರ ಬರೆಯುತ್ತಿದ್ದರು, ಸಂಜೆ ಗಂಡಸರ ತಾಳಮದ್ದಳೆ. ಮಳೆಗೆ ಗೋಡೆ ತೇವವಾಯಿತೋ, ಮಣ್ಣಿನೊಳಗೆ ಸೇರಿಹೋಗಿದ್ದ ಮೆಣಸಿನ ಘಾಟು ಮೇಲೆದ್ದು ಬರುತ್ತಿತ್ತು. ಹೊಸಬರು ಸೀನಲೇಬೇಕು. ನಾನು ಮೊದಲ ಸಲ ಕಾಲಿಟ್ಟಾಗ ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಬಾಗಿಲ ಹತ್ತಿರ ಕೂತಿದ್ದ ಚಾದಂಗಡಿಯ ಇಸುಬು ಬ್ಯಾರಿ, "ಆಯ್ತು, ಟೀಚರು ಸಂಘಕ್ಕೆ ಸೇರಿದ್ರು" ಎಂದರು. ಎಲ್ಲರೂ ನಕ್ಕರು, ನಾನೂ ಮೂಗು ಒರೆಸಿಕೊಂಡು ನಕ್ಕೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರೆದುರು ಕೂತ ಅರ್ಥಧಾರಿಗಳು ಆ ಪದದ ಅರ್ಥವನ್ನು ಆಶುವಾಗಿ ಮಾತಿನಲ್ಲಿ ಬೆಳೆಸುತ್ತಾ ಒಬ್ಬರನ್ನೊಬ್ಬರು ವಾದದಲ್ಲಿ ಕೆಡವಬೇಕು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಇವತ್ತು ಇವರು ಎಂತ ಹೇಳುತ್ತಾರೆ ಎನ್ನುವುದೇ ರುಚಿ. ಸುಬ್ಬಪ್ಪಣ್ಣ ಖಳನ ಪಾತ್ರಕ್ಕೆ ಕೂತರೆ ಕೇಳಲು ಕಡಬದ ಕಡೆಯಿಂದಲೂ ಜನ ಬರುತ್ತಿದ್ದರು. ಅನ್ಯಾಯವನ್ನು ಅಷ್ಟು ಚಂದವಾಗಿ ಸಮರ್ಥಿಸುವ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಮನೆಯಲ್ಲಿ ಮಾತ್ರ ಅವರು ಬೆಕ್ಕಿಗೂ ಬೈದವರಲ್ಲ.

ಒಂದು ದಿನ ನಾನು ಅವರನ್ನು ಕೇಳಿದೆ: "ಆದಿತ್ಯವಾರ ಮಧ್ಯಾಹ್ನ ಮಂದಿರ ಖಾಲಿ ಅಲ್ವಾ ಸುಬ್ಬಪ್ಪಣ್ಣ? ಹೆಂಗಸರು ಸೇರಬಹುದಾ?" ಅವರ ಬಾಯಿ ತುಂಬ ವೀಳ್ಯವಿತ್ತು. ಕೈಯಲ್ಲೇ, ಅದಕ್ಕೆಂತ, ಸೇರಿಕೊಳ್ಳಿ ಎಂದುಬಿಟ್ಟರು. ಮುಂದೆ ಆದದ್ದಕ್ಕೆಲ್ಲ ಆ ವೀಳ್ಯವೇ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ.

ಮೊದಲ ಆದಿತ್ಯವಾರ ಬಂದ ಹೆಂಗಸರು ಎಂತ ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು. ದೇವಕಿಯಕ್ಕ ಒಂದು ಕಡೆ, ಅವರದೇ ಗದ್ದೆಯಲ್ಲಿ ನೇಜಿ ನೆಡುವ ಚನಿಯಾರು ಒಂದು ಕಡೆ. ಮನೆಯಲ್ಲಾದರೆ ಚನಿಯಾರು ಅಂಗಳದಲ್ಲಿ, ದೇವಕಿಯಕ್ಕ ಒಳಗೆ. ಇಲ್ಲಿ ಅಂಗಳವೂ ಇಲ್ಲ, ಒಳಗೂ ಇಲ್ಲ, ಬರೀ ಚಾಪೆ. ಕಡೆಗೆ ದೇವಕಿಯಕ್ಕ, "ಕಾಲು ನೋಯ್ತದೆ, ಕೂರುವ" ಎಂದು ಕೂತರು. ಚನಿಯಾರೂ ಸ್ವಲ್ಪ ಹೊತ್ತು ಬಿಟ್ಟು ಅದೇ ಚಾಪೆಯ ತುದಿಯಲ್ಲಿ ಕೂತಳು. ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು.

ನಾಟಕ ಹುಟ್ಟಿದ್ದು ಆ ಮಳೆಯಿಂದಲೇ. ಹೊಳೆಯ ಆಚೆ ಮಗಳಿಗೆ ಹೆರಿಗೆ ನೋವು, ಈಚೆ ದಡದಲ್ಲಿ ಅವಳ ತಾಯಿ. ಹೊಳೆ ತುಂಬಿದೆ, ದೋಣಿಯವನು ಬರುವುದಿಲ್ಲ. ಮುದುಕಿ ಮಳೆಯನ್ನೇ ಎದುರು ನಿಲ್ಲಿಸಿ, ಒಂದು ಗಳಿಗೆ ನಿಲ್ಲು ಎಂದು ವಾದ ಮಾಡುತ್ತಾಳೆ. ಇದು ಪುಸ್ತಕದ ಕಥೆಯಲ್ಲ, ಅವರವರೇ ಮಾತಾಡುತ್ತಾ ಕಟ್ಟಿದ್ದು. ಬರೆದ ಮಾತೂ ಇಲ್ಲ. ಗಂಡಸರ ಹಾಗೆ ನಾವೂ ಆಶುವಾಗಿಯೇ ಹೇಳುವುದು ಎಂದಾಯಿತು. ಮುದುಕಿಯಾಗಿ ಚನಿಯಾರು, ಮಳೆಯಾಗಿ ದೇವಕಿಯಕ್ಕ. ಅಬ್ಬ, ಆ ದೇವಕಿಯಕ್ಕನ ಗಂಟಲು! "ನಾನು ನಿಂತರೆ ನಿನ್ನ ಮಗಳು ಹೆತ್ತ ಮಗುವಿಗೆ ಗಂಜಿ ಎಲ್ಲಿಂದ?" ಎಂದು ಅವರು ಕೇಳುವಾಗ ನನ್ನ ಮೈ ಜುಂ ಎನ್ನುತ್ತಿತ್ತು. ಚನಿಯಾರು ಬಿಡುವವಳೇ? "ಗಂಜಿ ಕುಡಿಲಿಕ್ಕೆ ಮಗು ಬದುಕಬೇಕಲ್ಲ" ಎನ್ನುತ್ತಿದ್ದಳು. ಅಂಗಳದಲ್ಲಿ ತಲೆ ಬಗ್ಗಿಸಿ ಮಾತಾಡುವ ಹೆಂಗಸು ಇವಳೇನಾ ಎಂದು ನಾವು ಮುಖ ಮುಖ ನೋಡಿಕೊಂಡೆವು.

ಪ್ರತಿ ಆದಿತ್ಯವಾರವೂ ವಾದ ಅರ್ಧಕ್ಕೆ ನಿಲ್ಲುತ್ತಿತ್ತು. ಹಟ್ಟಿಯಲ್ಲಿ ದನ ಕರೆಯುವ ಹೊತ್ತು, ಮನೆಯಲ್ಲಿ ಚಾ ಆಗಬೇಕಾದ ಹೊತ್ತು. ಆಗಸ್ಟ್ ನಡುವಿಗೆ ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಊರ ಮುಂದೆ, ಹಗಲು ಹೊತ್ತಿನಲ್ಲೇ, ಪೂರ್ತಿ ಆಡುವುದೆಂದು ನಿಶ್ಚಯ ಮಾಡಿದೆವು. ಮನೆಗೆ ಬರುವ ದಾರಿಯಲ್ಲಿ ದೇವಕಿಯಕ್ಕ ನನ್ನ ಕೊಡೆಯೊಳಗೆ ಬಂದು, "ಟೀಚರೇ, ಒಂದು ಸಲ ಪೂರ್ತಿ ಹೇಳಬೇಕು ನನಗೆ. ಒಂದೇ ಸಲ ಸಾಕು" ಎಂದರು. ಅವರು ಆ ಮಾತನ್ನು ಎಷ್ಟು ಆಸೆಯಿಂದ ಹೇಳಿದರೆಂದರೆ, ಅದನ್ನು ನಡೆಸಿಕೊಡುವುದು ನನ್ನ ಕೆಲಸ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಆಟಿ ತಿಂಗಳ ನಡುವೆ ಸುದ್ದಿ ಬಂತು. ಸರಕಾರದಿಂದ ಊರೂರಿಗೆ ಗೊಬ್ಬರ, ಬೀಜದ ದಾಸ್ತಾನು ಕೊಡುತ್ತಾರೆ, ಆದರೆ ಮಳೆ ಸೋರದ ಹಂಚಿನ ಮಾಡಿನ ಒಂದು ಜಾಗ ಊರಿನವರೇ ಕೊಡಬೇಕು. ಮುಳಿಯಡ್ಕದಲ್ಲಿ ಯಾರದ್ದೂ ಅಲ್ಲದ ಹಂಚಿನ ಕಟ್ಟಡ ಒಂದೇ, ಕಲಾಮಂದಿರ. ಗುರುವಾರ ಬ್ಲಾಕಿನ ಆಫೀಸರು ಬಂದು ಊರಿನವರ ಅಭಿಪ್ರಾಯ ಕೇಳುತ್ತಾರಂತೆ. ಗೊಬ್ಬರವೂ ಬೇಕಾದದ್ದೇ, ಅದರಲ್ಲಿ ಸುಳ್ಳಿಲ್ಲ. ಬೆಳ್ಳಾರೆಯಿಂದ ತಲೆಹೊರೆಯಲ್ಲಿ ತರುವಾಗ ಗುಡ್ಡದ ಮೇಲೆಯೇ ಅರ್ಧ ಕರಗುತ್ತಿತ್ತು. ಆದರೂ ಮಂದಿರ ಬಿಟ್ಟುಕೊಡುವುದೆಂದರೆ ಯಾರಿಗೂ ಮನಸ್ಸಿರಲಿಲ್ಲ. ಊರಿನ ಪರವಾಗಿ ಪೋಸ್ಟ್ ಮಾಸ್ಟರು ಶೆಟ್ಟರು ಮಾತಾಡುವುದೆಂದಾಯಿತು.

ಇಲ್ಲಿ ನೋಡಿ, ಬೇರೆ ಯಾವ ಊರಿನವರೂ ಮಾಡದ ತಪ್ಪನ್ನು ನಮ್ಮವರು ಮಾಡಿದರು. ತಾಳಮದ್ದಳೆಯ ಜನಕ್ಕೆ ಎದುರಾಳಿ ಇಲ್ಲದೆ ನಾಲಗೆ ಹೊರಳುವುದಿಲ್ಲ. "ಆಫೀಸರ ಹತ್ತಿರ ಹೇಳುವ ಮೊದಲು ಒಮ್ಮೆ ಅಭ್ಯಾಸ ಮಾಡುವ. ಗೋಡೌನಿನ ಪರ ಒಬ್ಬರು ಕೂರಿ, ನಾನು ಉತ್ತರ ಕೊಡ್ತೇನೆ" ಎಂದರು ಶೆಟ್ಟರು. ಗೋಡೌನಿನ ಪರ ಯಾರು? ಎಲ್ಲರ ಕಣ್ಣೂ ಸುಬ್ಬಪ್ಪಣ್ಣನ ಮೇಲೆ ಬಿತ್ತು. ಅವರು, "ಅಭ್ಯಾಸಕ್ಕೆ ಅಲ್ವಾ, ಆಯ್ತು" ಎಂದು ಶಾಲು ಮಡಚಿ ಹೆಗಲಿಗೆ ಹಾಕಿ ಕೂತರು. ಭಾಗವತರಾದ ಭಟ್ಟರು ಅಭ್ಯಾಸಬಲದಿಂದ ತಾಳ ತಟ್ಟಿದರು. ತಾಳದ ಶಬ್ದ ಕೇಳಿದ್ದೇ ಸುಬ್ಬಪ್ಪಣ್ಣನ ಬೆನ್ನು ನೆಟ್ಟಗಾಯಿತು, ಕಣ್ಣು ಬೇರೆಯಾಯಿತು. ಆಗಲೇ ನಿಲ್ಲಿಸಬೇಕಿತ್ತು.

"ಶೆಟ್ಟರೇ," ಎಂದು ಶುರುಮಾಡಿದರು, "ಮಂದಿರ ಹೋದರೆ ನಿಮಗೆ ನಷ್ಟ ಎಂತ? ಮಾತು ಹೋಗ್ತದಾ? ನಾಲಗೆ ನಿಮ್ಮ ಬಾಯಲ್ಲೇ ಉಂಟು. ಪದ ಹೋಗ್ತದಾ? ಭಟ್ಟರ ಗಂಟಲಲ್ಲಿ ಉಂಟು. ನಮ್ಮ ಹಿರಿಯರು ಗದ್ದೆಯಲ್ಲಿ ಆಡಿದ್ದಾರೆ, ಮರದಡಿಯಲ್ಲಿ ಹಾಡಿದ್ದಾರೆ, ನಮ್ಮ ಜಗಲಿಯಲ್ಲಿ ಕೂತು ಅರ್ಥ ಹೇಳಿದ್ದಾರೆ. ಕಲೆಗೆ ಮಾಡು ಬೇಡ ಶೆಟ್ಟರೇ, ಅದು ಎಲ್ಲಿ ಬೇಕಾದರೂ ಕೂರ್ತದೆ. ಗೊಬ್ಬರಕ್ಕೆ ಮಾಡು ಬೇಕು. ಗುಡ್ಡದಲ್ಲಿ ನೆನೆದ ಹೊರೆ ಹೊತ್ತವನ ಮಕ್ಕಳು ಹಸಿದು ಕೂತಾಗ ನೀವು ಹೋಗಿ ಪದ ಹೇಳ್ತೀರಾ?"

ಶೆಟ್ಟರು ಏನೋ ಹೇಳಹೊರಟರು. ಸುಬ್ಬಪ್ಪಣ್ಣ ಅದನ್ನು ಅಲ್ಲೇ ಹಿಡಿದು ತಿರುಗಿಸಿದರು. ಇನ್ನೊಂದು ಹೇಳಿದರು, ಅದೂ ಹೋಯಿತು. ಎಂಥ ಮಾತು ಎಂಥ ಮಾತು ಎಂದು ಜನ ತಲೆದೂಗುತ್ತಿದ್ದರು. ಕಡೆಗೆ ಶೆಟ್ಟರು ಕೈಮುಗಿದು, "ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ" ಎಂದರು. ಮಂದಿರವಿಡೀ ಚಪ್ಪಾಳೆ. ಸುಳ್ಳು ಯಾಕೆ ಹೇಳಲಿ, ನಾನೂ ಅಂಗೈ ಕೆಂಪಾಗುವಷ್ಟು ತಟ್ಟಿದೆ. ಮನೆಯ ದಾರಿ ಹಿಡಿದಾಗ ತಲೆಗೆ ಹೊಳೆಯಿತು, ಇದೆಂಥ ಗ್ರಹಚಾರ, ನಾವು ತಟ್ಟಿದ್ದು ಯಾವುದಕ್ಕೆ?

ಮರುದಿನ ಇಸುಬು ಬ್ಯಾರಿಯ ಚಾದಂಗಡಿಯಲ್ಲಿ ಕೇಳಿದರೆ ಊರಿಗೆ ಊರೇ ಗೋಡೌನಿನ ಪರ ತಿರುಗಿತ್ತು. ಸುಬ್ಬಪ್ಪಣ್ಣ ಮಳೆಯಲ್ಲಿ ಓಡಿಹೋಗಿ, "ಅದು ಅಭ್ಯಾಸಕ್ಕೆ ಹೇಳಿದ್ದು ಮಾರಾಯ್ರೆ" ಎಂದರು.

"ಅಭ್ಯಾಸಕ್ಕೆ ಆದರೂ ಮಾತು ನಿಜ ಅಲ್ವಾ ಅಣ್ಣ?" ಎಂದರು ಶೆಟ್ಟರು. ಸೋತವರೇ ಹೀಗೆಂದರೆ ಇನ್ನು ಯಾರಿಗೆ ಹೇಳುವುದು?

ಸುಬ್ಬಪ್ಪಣ್ಣ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದರು. ತಾನು ಕಟ್ಟಿದ ಮಂದಿರವನ್ನು ತಾನೇ ಮಾತಿನಲ್ಲಿ ಕೆಡವಿದ ಸಂಕಟ ಎಂಥದ್ದೆಂದು ಆ ಮೂರ್ನಾಲ್ಕು ದಿನ ನೋಡಿದೆ. ಸಂಜೆಯಾದರೆ ಜಗಲಿಯಲ್ಲಿ ಚಾಪೆ ಹಾಸಿ, ಕಂಬದ ಈಚೆ ಕೂತು ಗೋಡೌನಿನ ಮಾತು ಹೇಳುವುದು, ಎದ್ದು ಕಂಬದ ಆಚೆ ಹೋಗಿ ಮಂದಿರದ ಪರ ಉತ್ತರ ಹುಡುಕುವುದು. ಹುಡುಕಿದ ಉತ್ತರವನ್ನು ಈಚೆ ಬಂದು ಅವರೇ ಚೂರು ಮಾಡುವುದು. ತನ್ನ ಎದುರು ತಾನೇ ಸೋತು, ಗೆದ್ದವನ ಮೇಲೆ ಸಿಟ್ಟು ಮಾಡಲೂ ಆಗದೆ ಕೂತುಬಿಡುತ್ತಿದ್ದರು. ನಗು ತಡೆಯುವುದು ಕಷ್ಟ, ಆದರೆ ಅವರ ಮುಖ ನೋಡಿದರೆ ನಗಲಿಕ್ಕೂ ಮನಸ್ಸು ಬರುತ್ತಿರಲಿಲ್ಲ. ನಾನೊಂದು ಉತ್ತರ ತಯಾರು ಮಾಡಿ ಹೇಳಿದೆ. ಸಂಸ್ಕೃತಿ, ನಾಗರಿಕತೆ ಎಲ್ಲ ಬರುತ್ತಿತ್ತು ಅದರಲ್ಲಿ. ಅವರು ಪೂರ್ತಿ ಕೇಳಿ, "ಪರೀಕ್ಷೆಗೆ ಸಾಕು ಟೀಚರೇ. ನನಗೆ ಸಾಲದು" ಎಂದರು.

ಕಾಫಿ ಹಿಡಿದು ಬಂದ ದೇವಕಿಯಕ್ಕ ಲೋಟ ಇಟ್ಟು, ಸ್ವಲ್ಪ ಹೊತ್ತು ಬಾಗಿಲ ಮರೆಯಲ್ಲಿ ನಿಂತು ಕೇಳಿ, ಒಲೆಯಲ್ಲಿ ಹಾಲು ಉಕ್ಕುವ ಸದ್ದಿಗೆ ಒಳಗೆ ಹೋದರು. ರಾತ್ರಿ ಪಾತ್ರೆ ತೊಳೆಯುವಾಗ ನನ್ನನ್ನು ಕೇಳಿದರು, "ಮಂದಿರ ಹೋದರೆ ನಮ್ಮ ನಾಟಕ ಇವರ ಜಗಲಿಯಲ್ಲಿ ಮಾಡಬಹುದು ಅಂತ ನಿಮಗೆ ಕಾಣ್ತದಾ?" ನಾನು, "ಅವರು ಬೇಡ ಅನ್ನಲಿಕ್ಕಿಲ್ಲ" ಎಂದೆ. "ಅವರಲ್ಲ. ಚನಿಯಾರು ಎಲ್ಲಿ ನಿಲ್ಲುದು?" ಎಂದರು ದೇವಕಿಯಕ್ಕ. ಅವರು ಪಾತ್ರೆ ಕವುಚಿ ಹಾಕಿ ದೀಪ ತೆಗೆದುಕೊಂಡು ಹೋದರು.

ಗುರುವಾರ ಆಫೀಸರು ಬಂದರು. ಘಟ್ಟದ ಮೇಲಿನವರು, ನಮ್ಮ ಕಡೆಗೆ ಹೊಸಬರು. ಜೀಪು ತೋಡಿನಾಚೆಯೇ ಹೂತುಹೋಗಿ, ಪ್ಯಾಂಟು ಮೊಣಕಾಲವರೆಗೆ ಮಡಚಿ ನಡೆದು ಬಂದಿದ್ದರು. ಮಂದಿರದೊಳಗೆ ಕಾಲಿಟ್ಟವರೇ ಸೀನಿದರು. ಇಸುಬು ಬ್ಯಾರಿ ಬಾಯಿ ತೆರೆಯಹೊರಟವರು, ಸಂದರ್ಭ ನೋಡಿ ಸುಮ್ಮನಾದರು. ಆಫೀಸರು ಕುರ್ಚಿಯಲ್ಲಿ ಕೂತು, "ಏನ್ರಪ್ಪಾ, ಈ ಕಟ್ಟಡ ದಾಸ್ತಾನಿಗೆ ಕೊಡೋಕೆ ಎಲ್ಲರ ಒಪ್ಪಿಗೆ ಇದೆಯಾ? ಇಲ್ಲಾಂದ್ರೆ ಈಗಲೇ ಹೇಳಿ" ಎಂದರು. ಗಂಡಸರು ಒಬ್ಬೊಬ್ಬರಾಗಿ ಕೈ ಎತ್ತುತ್ತಿದ್ದರು. ಮನಸ್ಸಿದ್ದು ಎತ್ತಿದ್ದಲ್ಲ, ಸುಬ್ಬಪ್ಪಣ್ಣನ ಮಾತಿಗೆ ಎತ್ತಿದ್ದು. ಸುಬ್ಬಪ್ಪಣ್ಣ ನೆಲ ನೋಡುತ್ತಾ ಕೂತಿದ್ದರು. ಏಳಬೇಕು, ಏನಾದರೂ ಹೇಳಬೇಕು ಎಂದು ಮೊಣಕಾಲಿಗೆ ಕೈಕೊಟ್ಟೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ದೇವಕಿಯಕ್ಕ ಎದ್ದು ನಿಂತಿದ್ದರು.

"ನನಗೆ ಒಪ್ಪಿಗೆ ಇಲ್ಲ ಸ್ವಾಮಿ" ಎಂದರು. "ಅಧ್ಯಕ್ಷರು ಆವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳಲಿ. ನಾನು ಉತ್ತರ ಹೇಳ್ತೇನೆ."

ಆಫೀಸರು, "ನೀವ್ಯಾರಮ್ಮ?" ಎಂದರು.

"ಅಧ್ಯಕ್ಷರ ಮನೆಯವಳು."

"ಹಾಗಾದ್ರೆ ಮನೇಲೇ ಮಾತಾಡ್ಕೊಬಹುದಿತ್ತಲ್ಲ."

"ಮನೆಯಲ್ಲಿ ಆಗುದಿಲ್ಲ ಸ್ವಾಮಿ. ಮನೆಯಲ್ಲಿ ಅಡಿಗೆಕೋಣೆ ಉಂಟು."

ಯಾರಿಗೂ ಅರ್ಥವಾಗಲಿಲ್ಲ. ಸುಬ್ಬಪ್ಪಣ್ಣ ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರುತ್ತದೆ ಎಂದು ನಾನು ಹೆದರಿದ್ದೆ, ಸಿಟ್ಟು ಇರಲಿಲ್ಲ. ಅವರು ಶಾಲು ಮಡಚಿ ಹೆಗಲಿಗೆ ಹಾಕಿಕೊಂಡರು. ಭಟ್ಟರು ಎಂಥ ಮನುಷ್ಯರೋ, ಮೆಲ್ಲಗೆ ತಾಳ ತಟ್ಟಿದರು. ಸುಬ್ಬಪ್ಪಣ್ಣ ಅಂದಿನ ಮಾತನ್ನೆಲ್ಲ ಮತ್ತೆ ಹೇಳಿದರು, ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಎದುರಾಳಿ ಹೆಂಡತಿ ಎಂದು ಮೃದು ಮಾಡಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ. "ಕಲೆಗೆ ಮಾಡು ಬೇಡ, ಎಲ್ಲಿ ಬೇಕಾದರೂ ಕೂರ್ತದೆ. ಗದ್ದೆಯಲ್ಲಿ, ಮರದಡಿಯಲ್ಲಿ, ಜಗಲಿಯಲ್ಲಿ" ಎಂದು ಮುಗಿಸಿದರು.

"ಯಾರ ಜಗಲಿಯಲ್ಲಿ?" ಎಂದರು ದೇವಕಿಯಕ್ಕ.

"ನಮ್ಮ ಜಗಲಿಯಲ್ಲೇ. ನಮ್ಮ ಅಪ್ಪನ ಕಾಲದಿಂದ ನಡೆದಿದೆ."

"ನಡೆದಿದೆ. ಆ ಜಗಲಿಯಲ್ಲಿ ಇಸುಬು ಬ್ಯಾರಿಗಳು ಎಲ್ಲಿ ಕೂರ್ತಿದ್ರು?"

"ಮೆಟ್ಟಲಲ್ಲಿ" ಎಂದರು ಸುಬ್ಬಪ್ಪಣ್ಣ.

"ಚನಿಯಾರು?"

"ಅಂಗಳದಲ್ಲಿ."

"ಮಳೆ ಬಂದರೆ?"

ಹಿಂದಿನಿಂದ ಚನಿಯಾರೇ ಹೇಳಿದಳು, "ಕೊರಂಬು ಹೊತ್ತುಕೊಂಡು ನಿಲ್ಲುದು ಅಕ್ಕಾ." ಕೊರಂಬೆಂದರೆ ನೇಜಿ ನೆಡುವಾಗ ಮಳೆಗೆ ಬೆನ್ನ ಮೇಲೆ ಹೊರುವ ಓಲೆಯ ಗೊರಬು. ಅದರ ಮೇಲೆ ಮಳೆ ಬೀಳುವ ಸದ್ದಿಗೆ ಮಾತು ಕೇಳಿಸುವುದು ಅಷ್ಟರಲ್ಲೇ ಇದೆ.

"ನಾನು ಎಲ್ಲಿದ್ದೆ?" ಎಂದರು ದೇವಕಿಯಕ್ಕ. ಈಗ ಅವರ ಗಂಟಲು ಆದಿತ್ಯವಾರದ ಗಂಟಲಾಗಿತ್ತು. "ನಾನು ಬಾಗಿಲ ಮರೆಯಲ್ಲಿ. ಮದುವೆಯಾಗಿ ಬಂದಲ್ಲಿಂದ ಇವರ ಅರ್ಥ ಕೇಳಿದ್ದೇನೆ ಸ್ವಾಮಿ, ಒಂದರದ್ದೂ ಕೊನೆ ಕೇಳಲಿಲ್ಲ. ಕೊನೆ ಬರುವಾಗ ಅಷ್ಟು ಜನಕ್ಕೆ ಕಾಫಿ ಆಗಬೇಕಿತ್ತಲ್ಲ? ಇವರು ಗೆದ್ದದ್ದು ನನಗೆ ಗೊತ್ತಾಗುದು ಚಪ್ಪಾಳೆಯಲ್ಲಿ. ಎಂತ ಹೇಳಿ ಗೆದ್ದದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಜಗಲಿ ಇದ್ದ ಮನೆಗೆಲ್ಲ ಯಜಮಾನ ಇರ್ತಾನೆ, ಯಜಮಾನ ಇದ್ದಲ್ಲಿ ಅಡಿಗೆಕೋಣೆ ಇರ್ತದೆ. ಈ ಊರಲ್ಲಿ ಅಡಿಗೆಕೋಣೆ ಇಲ್ಲದ ಮನೆ ಇದೊಂದೇ. ಇಲ್ಲಿ ಯಾರೂ ನೆಂಟರಲ್ಲ, ಯಾರೂ ಬಡಿಸುವವರಲ್ಲ. ಬಂದವರಿಗೆಲ್ಲ ಚಾಪೆ, ಸೀನುವವರಿಗೆಲ್ಲ ಒಂದೇ ಘಾಟು."

ಜನ ನಕ್ಕರು. ಆಫೀಸರೂ ಮೂಗಿಗೆ ವಸ್ತ್ರ ಹಿಡಿದುಕೊಂಡೇ ನಕ್ಕರು. ಸುಬ್ಬಪ್ಪಣ್ಣ ನಗಲಿಲ್ಲ. ಅವರು ಪಾತ್ರದಲ್ಲೇ ಇದ್ದರು. "ಒಪ್ಪಿದೆ. ಆದರೆ ಗೊಬ್ಬರ? ಮಕ್ಕಳ ಹಸಿವು? ಅದಕ್ಕೆ ಮಾಡು ಎಲ್ಲಿಂದ ತರ್ತೀ?"

ದೇವಕಿಯಕ್ಕ ಅದಕ್ಕೇ ಕಾಯುತ್ತಿದ್ದರು. "ನೀವೇ ಹೇಳಿದ್ರಲ್ಲ, ಎಲ್ಲಿ ಬೇಕಾದರೂ ಕೂರುವುದಕ್ಕೆ ಬೇರೆ ಮಾಡು ಬೇಡ ಅಂತ. ಎಲ್ಲಿ ಬೇಕಾದರೂ ಕೂರುದು ಮನುಷ್ಯರಲ್ಲ, ಗೊಬ್ಬರ. ಅದಕ್ಕೆ ಜಾತಿ ಇಲ್ಲ, ಸಂಕೋಚ ಇಲ್ಲ, ಕೊನೆ ಕೇಳಬೇಕು ಅನ್ನುವ ಆಸೆ ಇಲ್ಲ. ನಮ್ಮ ಜಗಲಿ ಉದ್ದ ಉಂಟು, ಹಂಚಿನ ಮಾಡು ಉಂಟು. ಗೊಬ್ಬರ ಅಲ್ಲಿ ಕೂರಲಿ, ನಾವು ಇಲ್ಲಿ ಕೂರುವ."

ಸುಬ್ಬಪ್ಪಣ್ಣನ ಅಪ್ಪನ ಕಾಲದ ಜಗಲಿ ಅದು, ಊರಿನವರು ಗೌರವದಿಂದ ಹತ್ತುತ್ತಿದ್ದದ್ದು. ಸುಬ್ಬಪ್ಪಣ್ಣ ಉತ್ತರಕ್ಕಾಗಿ ಒಳಗೆಲ್ಲ ತಡಕಾಡುವುದು ಕಾಣುತ್ತಿತ್ತು. ಆಮೇಲೆ ಅವರ ಮುಖದಲ್ಲಿ ಒಂದು ಸಂತೋಷ ಹುಟ್ಟಿತು ನೋಡಿ, ಕಂಬದ ಸುತ್ತ ಹುಡುಕಿ ಹುಡುಕಿ ಸಿಗದೇ ಇದ್ದದ್ದು ಸಿಕ್ಕಿದವರ ಸಂತೋಷ. ಶಾಲು ತೆಗೆದು ಮಡಿಲಲ್ಲಿಟ್ಟು ಎರಡೂ ಕೈ ಮುಗಿದರು. "ಸೋತೆ" ಎಂದರು. ಮಂದಿರ ಹಾರಿಹೋಗುವಂಥ ಚಪ್ಪಾಳೆ. ಶೆಟ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು, ಕೇಳಿದರೆ ಮೆಣಸಿನ ಘಾಟು ಎಂದರು. ಆಫೀಸರು, "ಜಗಲಿ ಆದ್ರೂ ನಮಗೆ ಸರಿ, ಹಂಚು ಸೋರಬಾರದು ಅಷ್ಟೆ" ಎಂದು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, ಈ ಆಟ ಮತ್ತೆ ಯಾವತ್ತು ಎಂದು ಇಸುಬು ಬ್ಯಾರಿಯನ್ನು ಕೇಳಿದರು.

ಆ ಮಳೆಗಾಲ ಸುಬ್ಬಪ್ಪಣ್ಣನ ಜಗಲಿ ತುಂಬ ಗೋಣಿ. ಅದರಲ್ಲಿ ಎಲುಬಿನ ಹುಡಿಯೂ ಇತ್ತು, ಅದರ ನಾತ ನನ್ನ ಕೋಣೆಗೆ ನೇರ ಬರುತ್ತಿತ್ತು. ಮನೆಗೆ ಬಂದವರು ಗೋಣಿಯ ಮೇಲೆ ಕೂರಬೇಕು, ಇಲ್ಲವೇ ನಿಂತೇ ಮಾತು ಮುಗಿಸಬೇಕು. ಗೊಬ್ಬರ ಒಯ್ಯಲು ಬಂದವರು, ಅಂಗಳದವರು ಮೆಟ್ಟಲಿನವರು ಎನ್ನದೆ, ಗೋಣಿ ಎತ್ತಲು ಜಗಲಿ ಹತ್ತಿಯೇ ಹತ್ತಿದರು. ಬೇಡ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಸುಬ್ಬಪ್ಪಣ್ಣ ಸಿಕ್ಕಸಿಕ್ಕವರಿಗೆಲ್ಲ, "ಎಂಥ ಪೆಟ್ಟು ಕೊಟ್ಟಳು ನೋಡಿದ್ರಾ, ನನ್ನ ಮಾತಿನಲ್ಲೇ ನನ್ನನ್ನು ಕೆಡವಿದಳು" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಗೆದ್ದಾಗ ಅವರು ಅಷ್ಟು ಹಿಗ್ಗಿದ್ದನ್ನು ನಾನು ನೋಡಿಲ್ಲ.

ಸೋಣದ ಆ ಆದಿತ್ಯವಾರ ಮಧ್ಯಾಹ್ನ ಮಂದಿರದಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಸುಬ್ಬಪ್ಪಣ್ಣ ಎಲ್ಲರಿಗಿಂತ ಮೊದಲು ಬಂದು ಎದುರಿನ ಚಾಪೆಯಲ್ಲಿ ಕೂತಿದ್ದರು. ಹೊರಗೆ ಸುರಿಯುವ ಮಳೆ, ಒಳಗೆ ಕೂದಲು ಬಿಚ್ಚಿ ಕೂತ ಮಳೆ. ಚನಿಯಾರು ಕೊರಂಬು ಹೊತ್ತು ಎದುರು ಬಂದಳು. ವಾದ ಏರುತ್ತಾ ಹೋಯಿತು. ನಾನು ಹಾರ್ಮೋನಿಯಂ ಮುಂದೆ ಕೂತವಳು ನುಡಿಸುವುದನ್ನೇ ಮರೆತೆ. ಮುದುಕಿ ಕೊರಂಬು ಕಿತ್ತು ಎಸೆದು, ಇನ್ನು ನೀನುಂಟು ನಾನುಂಟು ಎಂದು ನಿಂತಾಗ ಬಾಗಿಲಲ್ಲಿ ಯಾರೋ ಪಿಸುಗುಟ್ಟಿದರು, ಗೊಬ್ಬರದ ಹೊರೆ ಬಂದಿದೆ, ಮನೆಯಲ್ಲಿ ಯಾರೂ ಇಲ್ಲ, ಗೋಣಿ ನೆನೆಯುತ್ತಿದೆ. ಸುಬ್ಬಪ್ಪಣ್ಣ ಬಾಗಿಲು ನೋಡಿದರು, ಹೆಂಡತಿಯನ್ನು ನೋಡಿದರು. ಎದ್ದು ಹೋಗದೆ ಉಪಾಯವಿರಲಿಲ್ಲ. ಹೋಗುವಾಗ ತಿರುಗಿ ತಿರುಗಿ ನೋಡಿದರು, ಯಾರದೋ ಕಾಲು ತುಳಿದರು. ದೇವಕಿಯಕ್ಕ ಅದನ್ನು ಕಂಡರು. ಆದರೂ ಮಾತಿನ ಒಂದು ಎಳೆ ಕಡಿಯಲಿಲ್ಲ, ಪೂರ್ತಿ ಹೇಳಿದರು.

ಚಪ್ಪಾಳೆ ನಿಂತು, ಹೆಂಗಸರೆಲ್ಲ ದೇವಕಿಯಕ್ಕನನ್ನೂ ಚನಿಯಾರನ್ನೂ ಸುತ್ತಿಕೊಂಡು ಒಟ್ಟಿಗೆ ಮಾತಾಡುತ್ತಿದ್ದಾಗ ಸುಬ್ಬಪ್ಪಣ್ಣ ಓಡಿಬಂದರು. ಮೈಯೆಲ್ಲ ಒದ್ದೆ, ತಲೆಗೆ ಎಲುಬಿನ ಹುಡಿ ಮೆತ್ತಿತ್ತು. ಏದುಸಿರು ಬಿಡುತ್ತಾ ಚಾಪೆಯ ತುದಿಯಲ್ಲಿ ನಿಂತು, "ಆಯ್ತಾ? ಕೊನೆಗೆ ಮಳೆ ಎಂತ ಹೇಳಿತು?" ಎಂದರು.

ನಾನು ಹೇಳಲು ಬಾಯಿ ತೆರೆದೆ. ದೇವಕಿಯಕ್ಕ ನನ್ನ ಕೈ ಒತ್ತಿ ಹಿಡಿದರು. ಬಿಚ್ಚಿದ ಕೂದಲನ್ನು ಸುತ್ತಿ ಗಂಟು ಹಾಕುತ್ತಾ ಗಂಡನನ್ನು ನೋಡಿ ನಕ್ಕರು.

"ಅದೆಲ್ಲ ಈಗ ಹೇಳಿದರೆ ಬರುದಿಲ್ಲ. ಬರುವ ಆದಿತ್ಯವಾರ ಇನ್ನೊಮ್ಮೆ ಉಂಟು, ಬಂದು ಕೇಳಿ" ಎಂದರು. "ನೀವು ಈಗ ಮನೆಗೆ ಹೋಗಿ ಕಾಫಿಗೆ ನೀರಿಡಿ. ನಾವು ಇಷ್ಟು ಜನ ಬರ್ತೇವೆ."